ಪುಟಾಣಿ ಡಬ್ಬಿಯ ಸದ್ದು

ಮೊನ್ನೆ ಮೆಹದಿಪಟ್ಟಣಂ ಮಾರ್ಕೆಟ್ಟಿನಲ್ಲಿ ಅಂಗಡಿಯವನೊಬ್ಬ ತಗಡಿನ ಡಬ್ಬಿಯನ್ನು ಗಲಗಲ ಅಲ್ಲಾಡಿಸಿ, "ತಾಜಾ ಮಾಲ್ ಅಮ್ಮಾ" ಎಂದ. ಪುಟಾಣಿ. ಹುರಿಗಡಲೆಗೆ ನಮ್ಮ ಮಂದಿ ಹಾಗನ್ನುವುದು. ಚಟ್ನಿಗೆಂದು ಕೊಳ್ಳಲು ಹೋದವಳು ಕೈಚೀಲ ಮಡಚಿಕೊಂಡೆ. ಆ ಸದ್ದು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆಗ ನಾವು ಕುಷಾಯಿಗೂಡದಲ್ಲಿದ್ದೆವು. ಎದುರುಮನೆಯಲ್ಲಿ ಕಲಬುರ್ಗಿ ಕಡೆಯ ಒಬ್ಬ ವೈನಿ. ಯಾವ ಅಣ್ಣನ ಹೆಂಡತಿಯೋ ಕಾಣೆ, ಇಡೀ ಓಣಿಗೆ ಆಕೆ ವೈನಿಯೇ. ಒಬ್ಬಳೇ ಮಗಳು, ಆರೇಳು ವರ್ಷದವಳು. ಮಾತಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಪಾತ್ರೆಯ ಮುಚ್ಚಳ ತಿರುಗಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಆಟಿಸಂ ಎಂಬ ಹೆಸರನ್ನು ದವಾಖಾನೆಯವರು ಅಷ್ಟರಲ್ಲೇ ಹೇಳಿಯಾಗಿತ್ತು. ಹೆಸರು ಹಿಡಿದು ಕೂಗಿದರೆ ತಿರುಗದ ಆ ಕೂಸು ಪುಟಾಣಿ ಡಬ್ಬಿಯ ಸದ್ದಿಗೆ ಮಾತ್ರ ಪಟಕ್ಕನೆ ತಿರುಗುತ್ತಿತ್ತು.

"ಹಡದಾಕಿ ದನಿಗೆ ಕಿಮ್ಮತ್ತಿಲ್ಲ ನೋಡ್ರಿ, ಡಬ್ಬಿಗೈತಿ!" ಎಂದು ವೈನಿ ತಾನೇ ಬಿದ್ದು ಬಿದ್ದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಡಬ್ಬಿ ಅಲ್ಲಾಡಿಸಿದರೂ ಹುಡುಗಿ ತಿರುಗಲಿಲ್ಲ. ನೋಟ ಒಂದು ಕಡೆ ನಿಂತುಬಿಟ್ಟಿತ್ತು, ತುಟಿ ಸಣ್ಣಗೆ ಅದುರುತ್ತಿತ್ತು. ಕೈಯಲ್ಲಿದ್ದ ಮುಚ್ಚಳ ಜಾರಿ ಬಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗಿ, ಮಗು ಸೋತು ನಿದ್ದೆಗೆ ಜಾರಿತು. ಅಂದಿನಿಂದ ಇದು ಮತ್ತೆ ಮತ್ತೆ...

"ಇದು ಆಕೀ ಗುಣ ಅಲ್ರಿ," ಎಂದಳು ವೈನಿ. "ಗುಣ ಇದ್ದಾಗ ಆಕಿ ತನ್ನ ಆಟದಾಗ ಇರ್ತಾಳ. ಈಗ ಎಲ್ಲೂ ಇರಂಗಿಲ್ಲ. ಇದು ಫಿಟ್ಸೇ."

ಹಿಮಾಯತ್‌ನಗರದ ಡಾಕ್ಟರರ ಬಳಿಗೆ ಇಬ್ಬರೂ ಹೋದೆವು. ವೈನಿ ಡಬ್ಬಿಯನ್ನೂ ಒಯ್ದಿದ್ದಳು. ಕಂಡದ್ದನ್ನೆಲ್ಲ ಹೇಳಿ, ಹೀಗೆ ಮಾಡಿ ನೋಡುತ್ತೇನೆಂದು ತೋರಿಸಲು ಅಲ್ಲಾಡಿಸಿದಳು. ಆ ಗಳಿಗೆಯಲ್ಲಿ ಹುಡುಗಿ ನೆಟ್ಟಗಿದ್ದಳು, ತಿರುಗಿದಳು. ಡಾಕ್ಟರು ನಕ್ಕುಬಿಟ್ಟರು. ಫಿಟ್ಸ್ ಅಂದರೆ ಬೀಳಬೇಕು, ಕೈಕಾಲು ಸೆಟೆಯಬೇಕು, ನೊರೆ ಬರಬೇಕು. ಇದೆಲ್ಲ ಆ ಆಟಿಸಂನದೇ.

"ಈ ಪಿಲ್ಲಲು ಇಂತೇನಮ್ಮಾ," ಇಂಥ ಮಕ್ಕಳು ಇಷ್ಟೇ ಎಂದು ತೆಲುಗಿನಲ್ಲಿ ಮಾತು ಮುಗಿಸಿದರು. ಒಂದು ಪರೀಕ್ಷೆ ಬರೆದುಕೊಡಲೂ ಅವರಿಗೆ ಮನಸ್ಸು ಬರಲಿಲ್ಲ.

ಇಷ್ಟೇ! ಆ ಒಂದು ಮಾತನ್ನು ವೈನಿಯ ಮನೆಯವರು ಗಟ್ಟಿಯಾಗಿ ಹಿಡಿದುಕೊಂಡರು. ಬೇರೆ ದವಾಖಾನೆಗೆ ಹೋಗೋಣವೆಂದರೆ ಗಂಡ, "ದೊಡ್ಡ ಡಾಕ್ಟರ್ ಹೇಳ್ಯಾರ, ನಿಂದೇನು ಹೊಸಾ ಶಾಣ್ಯಾತನ?" ಎನ್ನುತ್ತಿದ್ದ. ಅರಿಶಿನ-ಕುಂಕುಮಕ್ಕೆ ಸೇರಿದ ಹೆಂಗಸರ ಬಾಯಲ್ಲೂ ಅದೇ.

ಕುಷಾಯಿಗೂಡದಲ್ಲಿ ಆಗ ನಳ ದಿನ ಬಿಟ್ಟು ದಿನ ಬರುತ್ತಿತ್ತು. ಪ್ರತಿ ಮನೆಯ ಅಂಗಳದಲ್ಲೂ ನೀರು ತುಂಬಿಡುವ ಸಿಮೆಂಟಿನ ತೊಟ್ಟಿ, ಹೌದು ಅನ್ನುತ್ತಿದ್ದೆವು. ನೀರಿನ ಮೇಲೆ ಕುಣಿಯುವ ಬಿಸಿಲನ್ನು ನೋಡುತ್ತ ಅದರ ಕಟ್ಟೆಗೆ ಆತುಕೊಂಡು ನಿಲ್ಲುವುದು ಆ ಮಗುವಿಗೆ ಭಾಳ ಇಷ್ಟ. ಅಂದು ವೈನಿ ಅಡುಗೆಮನೆಯಿಂದಲೇ ಡಬ್ಬಿ ಅಲ್ಲಾಡಿಸಿದಳು. ಹೆಜ್ಜೆಯ ಸಪ್ಪಳ ಬರಲಿಲ್ಲ. ಮತ್ತೊಮ್ಮೆ ಅಲ್ಲಾಡಿಸಿ, ಡಬ್ಬಿ ಕೈಯಲ್ಲಿ ಹಿಡಿದೇ ಓಡಿಬಂದಳು. ಎದುರುಮನೆಯ ನನಗೂ ಒಂದು ಚೀರಾಟ ಕೇಳಿರಲಿಲ್ಲ. ಮಗು ಸದ್ದಿಲ್ಲದೆ ಮುಂದಕ್ಕೆ ಬಾಗಿ ನೀರಿಗೆ ಜಾರಿತ್ತು...

ಸಾವಿನ ಮನೆಗೆ ಮಾತಾಡಿಸಲು ಬಂದ ಹಿರಿಯಳೊಬ್ಬಳು ವೈನಿಯ ಬೆನ್ನು ಸವರಿ, "ಬಿಡವಾ, ಕೂಸು ಪಾರಾತು. ನೀನೂ ಪಾರಾದಿ," ಎಂದಳು.

ವೈನಿ ಎದ್ದು ನಿಂತಳು. "ಆಕಿ ಪಾರಾಗಿಲ್ರಿ. ಸತ್ತಾಳ. ನನ್ನ ಮಗಳು ಸತ್ತಾಳ! ಏಳ್ರಿ, ಹೊರಗ ನಡೀರಿ ಎಲ್ಲಾರೂ."

ಇಂಥ ಮಕ್ಕಳಿಗೆ ಮೂರ್ಛೆರೋಗವೂ ಜೊತೆಗೂಡುವುದು ಅಪರೂಪವಲ್ಲ, ಬೀಳದೆಯೂ ನೊರೆ ಬರದೆಯೂ ಫಿಟ್ಸ್ ಬರುತ್ತದೆ, ಅದಕ್ಕೆ ಔಷಧವೂ ಇದೆ ಎಂದು ಎಷ್ಟೋ ವರ್ಷದ ಮೇಲೆ ಬೇರೆ ಡಾಕ್ಟರೊಬ್ಬರು ನನಗೆ ತಿಳಿಸಿದರು. ಅಂದಿನವರಿಗೆ ಗೊತ್ತಿರಲಿಲ್ಲವೇನೋ, ಇರಲಿ. ಗೊತ್ತಿಲ್ಲ ಅನ್ನಬಹುದಿತ್ತಲ್ಲ! ನಕ್ಕದ್ದೇಕೆ? ಒಂದು ಕಾಯಿಲೆಯ ಹೆಸರು ಅಂಟಿಸಿದ ಮೇಲೆ ಆ ಮಗುವಿಗೆ ಬೇರೆ ನೋವೇ ಬರಬಾರದೇ? ಇದಕ್ಕೆ ಸಮಾಧಾನ ನನ್ನಲ್ಲಿಲ್ಲ, ಬೇಕಾಗಿಯೂ ಇಲ್ಲ.

ವೈನಿ ಊರು ಬಿಟ್ಟು ಹೋದಳು. ಹೋಗುವಾಗ ಅಡುಗೆಮನೆಯ ಸಾಮಾನೆಲ್ಲ ಓಣಿಗೆ ಹಂಚಿದಳು, ಆ ಡಬ್ಬಿಯೊಂದನ್ನು ಬಿಟ್ಟು. ಮುಂದೆ ಸುದ್ದಿಯೇ ಇಲ್ಲ...

ಮೆಹದಿಪಟ್ಟಣಂನ ಆ ಅಂಗಡಿಯವನು ನನ್ನ ಬೆನ್ನ ಹಿಂದೆ ಇನ್ನೊಮ್ಮೆ ಡಬ್ಬಿ ಅಲ್ಲಾಡಿಸಿದ. ನಾನು ತಿರುಗಲಿಲ್ಲ.