ನಾನು ಹತ್ತದ ಗಾಡಿಯ ಕಿಟಕಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನೇ. ನನ್ನ ಮೊದಲ ನೌಕರಿ ಜೋಯಿಡಾ ತಾಲೂಕಿನ ಅಣಶಿಯ ಪ್ರಾಥಮಿಕ ಶಾಲೆಯಲ್ಲಿ. ತೀರಿಹೋದ ಅಜ್ಜ ಗದ್ದೆಯ ಬದುವಿನ ಮೇಲೆ ಕಂಡ, ಬಾವಿಯ ಹತ್ತಿರ ಯಾರೋ ಹೆಸರು ಹಿಡಿದು ಕರೆದರು ಎಂದು ಅಲ್ಲಿಯ ಜನ ಸಹಜವಾಗಿ ಹೇಳಿಕೊಳ್ಳುತ್ತಿದ್ದರು. ನಾನು, ಆಗ ಎಷ್ಟು ಗಂಟೆಯಾಗಿತ್ತು, ಎಷ್ಟು ದೂರವಿತ್ತು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಆಮೇಲೆ ಅವರು ನನ್ನೆದುರು ಹೇಳುವುದನ್ನೇ ಬಿಟ್ಟರು. ಈಗ ನನ್ನದೇ ಒಂದು ಸಂಗತಿ ಬರೆಯಲು ಕುಳಿತಿದ್ದೇನೆ. ಗಂಟೆ, ದೂರ, ಬೆಳಕು ಎಲ್ಲವೂ ನನಗೆ ಗೊತ್ತು. ಆದರೂ ಅದು ಬಗೆಹರಿಯುವುದಿಲ್ಲ.

ನನ್ನದೊಂದು ಹುಚ್ಚಿನ ಬಗ್ಗೆ ಮೊದಲು ಹೇಳಬೇಕು. ನಿವೃತ್ತನಾಗಿ ಹಳಿಯಾಳದಲ್ಲಿ ನೆಲೆಸಿದ ಮೇಲೆ ನಾನು ಊರವರಿಗೆ ಪ್ರಯಾಣದ ಪಂಚಾಂಗವಾಗಿಬಿಟ್ಟಿದ್ದೆ. ಪಕ್ಕದ ಸಾಂಬ್ರಾಣಿ ಊರಿನಿಂದ ಯಾರಾದರೂ ಪುಣೆಯ ಆಸ್ಪತ್ರೆಗೆ ಹೊರಟರೆ, ಮುಂಡಗೋಡದ ವ್ಯಾಪಾರಿಗಳು ಮುಂಬಯಿಗೆ ಹೊರಟರೆ, ರೈಲು ಹಿಡಿಯಬೇಕೋ ಕಾರು ಮಾಡಬೇಕೋ ವಿಮಾನ ಹತ್ತಬೇಕೋ ಎಂದು ನನ್ನನ್ನು ಕೇಳಿಯೇ ಮುಂದಿನ ಮಾತು. ಇದಕ್ಕೆಂದೇ ಒಂದು ನೂರು ಹಾಳೆಯ ನೋಟುಪುಸ್ತಕ ಇಟ್ಟಿದ್ದೆ. ಊರಿಗೊಂದು ಪುಟ, ಪುಟಕ್ಕೆ ಮೂರು ಕಂಬ, ರೈಲಿಗೊಂದು, ಕಾರಿಗೊಂದು, ವಿಮಾನಕ್ಕೊಂದು. ವೇಳೆಯನ್ನು ಸ್ಟೇಶನ್ನಿನಿಂದ ಸ್ಟೇಶನ್ನಿಗೆ ಎಣಿಸಬಾರದು, ನಮ್ಮ ಹೊಸ್ತಿಲಿನಿಂದ ಅವರ ಹೊಸ್ತಿಲಿಗೆ ಎಣಿಸಬೇಕು ಎನ್ನುವುದು ನನ್ನ ನಿಯಮ. ಕಾರಿನವರು ಊಟಕ್ಕೆ ನಿಂತ ಹೊತ್ತನ್ನು ಮರೆಮಾಚುತ್ತಾರೆ, ವಿಮಾನದವರು ಎರಡು ತಾಸು ಮೊದಲೇ ಹೋಗಿ ಕುರ್ಚಿ ಕಾಯುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಕಳ್ಳತನಗಳನ್ನೆಲ್ಲ ಹಿಡಿದು ಬರೆಯುವುದರಲ್ಲಿ ನನಗೆ ಏನೋ ಸುಖ.

ಪುಣೆಯ ಪುಟದಲ್ಲಿ ಮಾತ್ರ ವಿಮಾನದ ಕಂಬ ಖಾಲಿಯಿತ್ತು. ನನ್ನ ಮಗಳು ಪುಣೆಯಲ್ಲಿದ್ದಾಳೆ. ಅವಳ ಮನೆಗೆ ಅಳಿಯನ ಕಾರಿನಲ್ಲಿ ಬೆಳಗಾವಿ, ಕೊಲ್ಹಾಪುರದ ಹೆದ್ದಾರಿ ಹಿಡಿದು ಹೋಗಿದ್ದೆ. ಅಳ್ನಾವರದಿಂದ ರೈಲಿನಲ್ಲಿಯೂ ಒಮ್ಮೆ ಹೋಗಿದ್ದೆ. ವಿಮಾನ ಮಾತ್ರ ಹತ್ತಿರಲಿಲ್ಲ. ಯಾರಾದರೂ "ಸರ್, ವಿಮಾನ ಹೆಂಗರೀ?" ಎಂದು ಕೇಳಿದರೆ ಬೇರೆಯವರ ಬಾಯಿಂದ ಕೇಳಿದ್ದನ್ನೇ ಹೇಳಬೇಕಾಗುತ್ತಿತ್ತು. ಅದು ನನಗೆ ನಾಚಿಕೆಯ ವಿಷಯವಾಗಿತ್ತು.

ನನ್ನ ತಂಗಿ ನೀಲವ್ವ ಮಿರಜದಲ್ಲಿದ್ದಳು. ಪುಣೆಯ ರೈಲು ಮಿರಜದ ಮೇಲೆಯೇ ಹೋಗುತ್ತದೆ. ನಮ್ಮ ಕಡೆ ಒಂದು ರೂಢಿಯಿದೆ. ನಮ್ಮವರು ಕೂತ ಗಾಡಿ ನಮ್ಮೂರಿನ ಮೇಲೆ ಹೋಗುವುದಿದ್ದರೆ, ಅವರು ಇಳಿಯದಿದ್ದರೂ ಸರಿ, ನಾವು ಬುತ್ತಿ ಕಟ್ಟಿಕೊಂಡು ಸ್ಟೇಶನ್ನಿಗೆ ಹೋಗಬೇಕು. ಗಾಡಿ ನಿಂತಷ್ಟು ಹೊತ್ತು ಕಿಟಕಿಯಲ್ಲಿ ಮಾತಾಡಿ, ಬುತ್ತಿ ಕೊಟ್ಟು ಬರಬೇಕು. ನೀಲವ್ವನಿಗೆ ಇದರಲ್ಲಿ ಬಹಳ ಆಸೆ. ಫೋನು ಮಾಡಿದಾಗಲೆಲ್ಲ, "ಅಣ್ಣಾ, ಕಾರಿನ್ಯಾಗ ಊರ ಹೊರಗಿಂದ ಹೊರಗ ಹೋಗಿಬಿಡ್ತಿ. ರೈಲಿಗಿ ಬಾರಪಾ ಒಮ್ಮೆ. ಐದು ಮಿನಿಟು ಮಾರಿ ನೋಡ್ತೇನಿ, ಸಾಕು" ಅನ್ನುತ್ತಿದ್ದಳು. ರೈಲಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ನಾನು ಅವಳಿಗೆ ಲೆಕ್ಕ ಒಪ್ಪಿಸುತ್ತಿದ್ದೆ. ರೈಲಿನಲ್ಲಿ ಹೋಗಿದ್ದ ಆ ಒಂದು ಸಲವೂ ಅವಳಿಗೆ ತಿಳಿಸಿರಲಿಲ್ಲ.

ಆದರೆ ಕಾರಣ ಹೊತ್ತು ಅಲ್ಲ. ಅವಳ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಯಾಕೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾವು ಚಿಕ್ಕವರಿದ್ದಾಗ ದಾಂಡೇಲಿಯಲ್ಲಿದ್ದೆವು. ಅಪ್ಪ ಕುಳಗಿ ಕಡೆಯ ಕಾಡಿನಲ್ಲಿ ಮರದ ದಿಮ್ಮಿ ಅಳೆಯುವ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಾಸ್ತರಿಕೆಯ ತರಬೇತಿಗೆ ಇಬ್ಬರೂ ಅರ್ಜಿ ಹಾಕಿದ್ದೆವು. ಈ ವರ್ಷ ಒಬ್ಬರನ್ನಷ್ಟೇ ಧಾರವಾಡದಲ್ಲಿ ಇಟ್ಟು ಕಲಿಸಬಲ್ಲೆ, ಯಾರಿಗೆ ಸೀಟು ಸಿಕ್ಕರೂ ನನಗೆ ಸಂತೋಷವೇ ಎಂದು ಅಪ್ಪ ಹೇಳಿದ್ದ. ಅವಳ ಅಂಕಗಳು ನನಗಿಂತ ಹೆಚ್ಚು. ನನ್ನ ಸಂದರ್ಶನ ಮುಗಿದಿತ್ತು, ಅವಳದು ಬಾಕಿಯಿತ್ತು. ಅವಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಆಗಲೂ ರೈಲಿನ ವೇಳೆಯೆಂದರೆ ಮನೆಯಲ್ಲಿ ನನ್ನ ಮಾತೇ ಕೊನೆ. ದಾಂಡೇಲಿಯಿಂದ ಅಳ್ನಾವರಕ್ಕೆ ಹೋಗುವ ಗಾಡಿ ಏಳೂವರೆಗಿತ್ತು. ನಾನು ಎಂಟೂವರೆಗೆ ಎಂದು ಹೇಳಿದೆ.

ಸ್ಟೇಶನ್ನಿಗೆ ಹೋದಾಗ ಹಳಿ ಖಾಲಿ. ಬಸ್ಸು ಹಿಡಿದು ಧಾರವಾಡ ಮುಟ್ಟುವಷ್ಟರಲ್ಲಿ ಅವಳ ಹೆಸರು ಕೂಗಿ ಆಗಿತ್ತು. ಮನೆಗೆ ಬಂದು, ಇವಳು ಜಡೆ ಹಾಕಿಕೊಳ್ಳುವುದರಲ್ಲಿ ತಡಮಾಡಿದಳು ಅಂದೆ. ಅವ್ವ ನಂಬಿದಳು, ಅಪ್ಪ ನಂಬಿದ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸ್ವತಃ ಅವಳೇ ನಂಬಿದಳು. ಗಾಡಿ ಹೊರಡುವ ವೇಳೆ ಬದಲಾಗಿರಬೇಕು, ನಾನು ಸ್ವಲ್ಪ ಬೇಗ ಎದ್ದಿದ್ದರೆ ಸಿಗುತ್ತಿತ್ತು ಎಂದು ಅತ್ತಳು. ನಾನು ಮಾಸ್ತರನಾದೆ. ಅವಳು ಮರುವರ್ಷ ಮದುವೆಯಾಗಿ ಮಿರಜಕ್ಕೆ ಹೋದಳು. ಅಂದಿನಿಂದ ಎಲ್ಲಿಗೆ ಹೊರಟರೂ ಸ್ಟೇಶನ್ನಿಗೆ ಒಂದು ತಾಸು ಮೊದಲೇ ಹೋಗಿ ಕೂರುವುದು ಅವಳ ಚಾಳಿಯಾಯಿತು. "ನಾ ಮೊದಲಿಂದನೂ ನಿಧಾನ" ಎಂದು ನಗುತ್ತಿದ್ದಳು. ಅವಳು ಹಾಗೆ ನಕ್ಕಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೈಹಿಡಿದ ಹೆಂಡತಿಗೂ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಪುಣೆಗೆ ಹೋಗುವುದಿತ್ತು. ಮನೆಯವಳು ಬಾಣಂತನಕ್ಕೆಂದು ಮೊದಲೇ ಹೋಗಿದ್ದಳು. ಅಷ್ಟರಲ್ಲಿ ನೀಲವ್ವನ ಎದೆನೋವಿನ ಸುದ್ದಿ ಬಂದಿತ್ತು. ಡಾಕ್ಟರರು ಔಷಧ ಕೊಟ್ಟು ಮನೆಗೆ ಕಳಿಸಿದ್ದರು. ಈ ಸಲ ಹೇಳಿಬಿಡಬೇಕು ಅನ್ನಿಸಿತು. ಮುಖಕ್ಕೆ ಮುಖ ಕೊಟ್ಟು ಕೂತರೆ ನನಗೆ ಬಾಯಿ ಬರುವುದಿಲ್ಲ. ಕಿಟಕಿಯಲ್ಲಿ ಐದು ನಿಮಿಷ, ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಬಿಟ್ಟಿರುತ್ತದೆ ಎಂದು ಹೇಡಿಯ ಲೆಕ್ಕ ಹಾಕಿದೆ. ಅಳ್ನಾವರದಿಂದ ರೈಲಿನ ಟಿಕೆಟ್ ತೆಗೆಸಿ, ಡಬ್ಬಿಯ ನಂಬರು, ಸೀಟಿನ ನಂಬರು ಎಲ್ಲವನ್ನೂ ಅವಳಿಗೆ ತಿಳಿಸಿದೆ. ಅವಳು ಆಗಲೇ ಯಾವ ಪಲ್ಯ ಮಾಡಲಿ ಎಂದು ಕೇಳತೊಡಗಿದ್ದಳು.

ಹೊರಡುವುದಕ್ಕೆ ಎರಡು ದಿನವಿದ್ದಾಗ ಹುಬ್ಬಳ್ಳಿಯಿಂದ ಪುಣೆಗೆ ಹೋಗುವ ವಿಮಾನದಲ್ಲಿ ಸೀಟು ಇರುವುದು ಕಣ್ಣಿಗೆ ಬಿತ್ತು. ಖಾಲಿ ಕಂಬ ತುಂಬಿಕೊಳ್ಳಬಹುದಲ್ಲ ಎಂಬ ನೆವ ಸಿಕ್ಕಿತು. ನೆವವೇ, ಬೇರೆ ಏನೂ ಅಲ್ಲ. ರೈಲಿನ ಟಿಕೆಟ್ ರದ್ದು ಮಾಡಿದೆ. ನೀಲವ್ವನಿಗೆ ಫೋನು ಮಾಡಬೇಕೆಂದು ಎರಡು ಸಂಜೆಯೂ ಕೈಯಲ್ಲಿ ಹಿಡಿದು ಕೂತೆ, ಮಾಡಲಿಲ್ಲ. ಹೊರಡುವ ದಿನ ಬೆಳಿಗ್ಗೆ ಬಸ್ಸಿನಲ್ಲಿ ಮಾಡೋಣ ಅಂದುಕೊಂಡೆ. ಬಸ್ಸಿನಲ್ಲಿ ಗದ್ದಲ, ವಿಮಾನ ನಿಲ್ದಾಣದಲ್ಲಿ ಮಾಡೋಣ ಅಂದುಕೊಂಡೆ. ಅಲ್ಲಿ ಬೆಲ್ಟು, ಚೀಲ, ಚಪ್ಪಲಿ ಎಂದು ತಪಾಸಣೆ. ಕೊನೆಗೆ ಫೋನು ಬಂದ್ ಮಾಡಿರಿ ಎಂದು ವಿಮಾನದಲ್ಲಿ ಹೇಳಿದಾಗ ನಿಜಕ್ಕೂ ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಧ್ಯಾಹ್ನದ ನಿಚ್ಚಳ ಬಿಸಿಲು. ಕಿಟಕಿಯಿಂದ ಕೆಳಗೆ ನೋಡುತ್ತ ಹೋದೆ. ಕಂದು ಹೊಲಗಳು, ಒಂದು ನದಿಯ ತಿರುವು. ಅದು ಕೃಷ್ಣೆಯೋ ಅಲ್ಲವೋ, ಅದರ ಹತ್ತಿರದ ಊರು ಮಿರಜವೋ ಅಲ್ಲವೋ ನನಗೆ ತಿಳಿಯಲಿಲ್ಲ. ಗಡಿಯಾರ ನೋಡಿಕೊಂಡೆ. ರೈಲು ಮಿರಜಕ್ಕೆ ಬರುವ ಹೊತ್ತಿಗೆ ಸರಿಯಾಗಿತ್ತು. ಅವಳು ಒಂದು ತಾಸಿನಿಂದ ಪ್ಲಾಟ್‌ಫಾರ್ಮಿನ ಬಾಕಿನ ಮೇಲೆ ಬುತ್ತಿ ಇಟ್ಟುಕೊಂಡು ಕೂತಿರುತ್ತಾಳೆ ಅನ್ನಿಸಿ ಕಣ್ಣು ಮುಚ್ಚಿದೆ. ನಿದ್ದೆ ಬಂದದ್ದು ಗೊತ್ತಾಗಲಿಲ್ಲ. ಕನಸು ಬಿದ್ದ ನೆನಪೂ ಇಲ್ಲ. ಎಚ್ಚರಾದಾಗ ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದಳು. ಧಾರವಾಡದ ಕಡೆಯವಳೆಂದು ಮೊದಲೇ ಮಾತಾಗಿತ್ತು.

"ಆರಾಮ ಇದ್ದೀರಿಲ್ರೀ ಕಾಕಾ?" ಅಂದಳು. "ನಿದ್ದಿಯೊಳಗ ಯಾರಿಗೋ ಏಳೂವರಿ, ಏಳೂವರಿ ಅಂತ ಹೇಳಾಕತ್ತಿದ್ರಿ. ಕಣ್ಣಾಗ ನೀರ ಬಂದಾವ ನೋಡ್ರಿ."

ಕೆನ್ನೆ ಮುಟ್ಟಿಕೊಂಡರೆ ಒದ್ದೆಯಿತ್ತು. ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬಾಯಿಗೆ ಬಂದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಅಲ್ಲಿಯವರೆಗೆ ಎಲ್ಲವೂ ಲೆಕ್ಕಕ್ಕೆ ಸಿಗುವಂಥದ್ದೇ.

ಪುಣೆಯಲ್ಲಿ ಇಳಿದು ಮಗಳ ಮನೆ ಮುಟ್ಟಿ, ವಿಮಾನದ ಕಂಬದಲ್ಲಿ ಆರೂವರೆ ತಾಸು ಎಂದು ಬರೆದೆ. ಒಂದು ತಾಸಿನ ಹಾರಾಟಕ್ಕೆ ಆರೂವರೆ ತಾಸು ಎಂದು ಅಳಿಯನೊಡನೆ ನಗೆಯಾಡಿದೆ. ದೀಪ ಹಚ್ಚುವ ಹೊತ್ತಿಗೆ ನೀಲವ್ವನ ಫೋನು ಬಂತು. ಬೈಗುಳ ಕೇಳುವುದಕ್ಕೆ ತಯಾರಾಗಿ ಹೊರಗೆ ಗ್ಯಾಲರಿಗೆ ಬಂದು ಎತ್ತಿದೆ.

"ಮುಟ್ಟಿದಿ ಏನಪಾ ಅಣ್ಣಾ? ಬುತ್ತಿ ಉಂಡಿ ಏನ?" ಅಂದಳು. "ಬದನಿಕಾಯಿ ಹಳಸತೈತಿ ನೋಡು, ಮೊದಲ ಅದನ್ನ ಉಣ್ಣು ಅಂತ ಹೇಳೂದು ಮರತೆ."

ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಧ್ವನಿಯಲ್ಲಿ ಅಣಕವಿರಲಿಲ್ಲ. ಹಗುರವಾಗಿದ್ದಳು. ನಾನು "ಹೂಂ, ಉಂಡೆ" ಅಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ, ಅಂದುಬಿಟ್ಟೆ.

ಆಮೇಲೆ ಅವಳು ಹೇಳಿದಳು. "ಇಷ್ಟ ವರ್ಷ ಆದಮ್ಯಾಲಾದ್ರೂ ಬಾಯಿ ಬಿಟ್ಟಿ. ಗಾಡಿ ಏಳೂವರಿಗಿ ಅಂತ ನಿನಗ ಗೊತ್ತಿತ್ತು ಅಂತ. ನಾ ನನ್ನ ಜಡಿ ಬೈಕೋಂತ ಮುದುಕ್ಯಾದೆ ನೋಡು."

ಗ್ಯಾಲರಿಯ ಕಂಬಿ ಹಿಡಿದುಕೊಂಡೆ. "ನೀಲವ್ವಾ, ನೀ ಏನಂತಿ?" ಎಂದು ಕೇಳಿದೆ.

"ನಾ ಹೇಳೂದು ಅಲ್ಲೇ ಕಿಟಕ್ಯಾಗ ಹೇಳೀನಿ" ಅಂದಳು. "ಫೋನಿನ್ಯಾಗ ಮತ್ತ ಮತ್ತ ಹೇಳಂಗಿಲ್ಲ. ಇಡ್ತೇನಿ."

ಮತ್ತೆ ಫೋನು ಮಾಡಿ, ಅದು ನಾನಲ್ಲ, ನಾನು ಆ ಗಾಡಿಯಲ್ಲಿ ಇರಲೇ ಇಲ್ಲ ಎಂದು ಹೇಳಬೇಕಾಗಿತ್ತು. ಹೇಳಿದ್ದರೆ ಅವಳ ಉತ್ತರವನ್ನು ಕೇಳಿ ತಿಳಿಯಬಹುದಿತ್ತು. ಆದರೆ ಎರಡನೆಯ ಸಲವೂ ರೈಲಿನ ವಿಷಯದಲ್ಲಿ ಅವಳಿಗೆ ಮೋಸ ಮಾಡಿದೆ ಎಂದು ಹೇಗೆ ಹೇಳಲಿ? ಮರಳಿ ಹೋಗುವಾಗ ಮಿರಜದಲ್ಲಿ ಇಳಿದು ಎದುರು ಕೂತು ಹೇಳುತ್ತೇನೆ ಎಂದು ನಿಶ್ಚಯ ಮಾಡಿದೆ. ಹೆಸರಿಡುವ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಸುದ್ದಿ ಬಂತು. ನೀಲವ್ವ ಮಲಗಿದಲ್ಲೇ ಹೋಗಿದ್ದಳು. ಮಿರಜದಲ್ಲಿ ಇಳಿದೆ, ಅವಳ ಮಣ್ಣಿಗೆ.

ಎಲ್ಲ ಮುಗಿದ ಮೇಲೆ ಅವಳ ಗಂಡ ಬಸಲಿಂಗಪ್ಪನ ಹತ್ತಿರ ಕೂತೆ. ನಾನೇನೂ ಕೇಳುವ ಮೊದಲೇ ಅವನು ಹೇಳತೊಡಗಿದ. "ಆವತ್ತು ನೀವು ಭೆಟ್ಟಿಯಾದದ್ದು ಭಾಳ ಚಲೋ ಆತ್ರಿ ಮಾಸ್ತರ. ನನ್ನ ಮೊಣಕಾಲ ನೋವಿಗೆ ಪಾವಟಿಗಿ ಇಳದು ಅಲ್ಲೇ ಹತ್ರನ ನಿಂತೆ. ದೂರಿಂದ ನೋಡಿದೆ. ನೀವು ಕೈ ಚಾಚಿ ಬುತ್ತಿ ತಗೊಂಡ್ರಿ, ಆಮ್ಯಾಲೆ ಆಕಿ ಕೈ ಹಿಡಕೊಂಡ್ರಿ. ಗಾಡಿ ಬಿಡೂತನಕ ಬಿಡಲಿಲ್ಲ."

"ಆಕಿ ಏನರ ಅಂದ್ಲೇನು, ಆಮ್ಯಾಲೆ?" ಎಂದು ಕೇಳಿದೆ.

"ಇಲ್ರೀ. ಸೆರಗಿಲೆ ಮಾರಿ ಒರಸ್ಕೋಂತ ಬಂದ್ಲು. ಅಳಾಕತ್ತಿದ್ಲೋ ನಗಾಕತ್ತಿದ್ಲೋ, ಎರಡೂ ಹಂಗ ಕಾಣ್ತಿತ್ತು. ನಾ ಕೇಳಲಿಲ್ಲ. ಅಣ್ಣ ತಂಗಿ ಮಾತು, ನಾ ಯಾಕ ನಡುವ ಬರ್ಲಿ ಅಂತ ಬಿಟ್ಟೆ."

ನಾನು ಅಲ್ಲಿರಲಿಲ್ಲ ಎಂದು ಅವನಿಗೂ ಹೇಳಲಿಲ್ಲ.

ಆಮೇಲೆ ಈ ಸಂಗತಿಯನ್ನು ಎಷ್ಟು ಸಲ ತಿರುವಿಹಾಕಿದ್ದೇನೋ ನನಗೇ ಗೊತ್ತಿಲ್ಲ. ನಾನು ಬಿಟ್ಟುಕೊಟ್ಟ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದಾನು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಗಂಡ ದೂರದಲ್ಲಿದ್ದ. ಮುದುಕಿಯ ಮನಸ್ಸು ಮುರಿಯಬಾರದೆಂದು ಅವನು ಬುತ್ತಿ ಇಸಿದುಕೊಂಡಿದ್ದಾನು, ಕೈ ಹಿಡಿದಿದ್ದಾನು. ಸರಿ. ಆದರೆ ಏಳೂವರೆಯ ಮಾತು ಅವನಿಗೆ ಯಾರು ಹೇಳಿದರು? ಇಲ್ಲವೇ, ನೀಲವ್ವನಿಗೆ ಇದು ಎಷ್ಟೋ ವರ್ಷಗಳಿಂದ ಗೊತ್ತಿತ್ತು. ನಾನು ಬಾರದ್ದನ್ನು ಕಂಡು, ಇವನು ಎಂದಿಗೂ ಹೇಳುವವನಲ್ಲ ಎಂದು ತಿಳಿದು, ನಾನೇ ಹೇಳಿದೆನೆಂದು ತಾನೇ ಕಟ್ಟಿಕೊಂಡಳು. ಹಾಗಿದ್ದರೆ ಅದು ಕರುಣೆಯೋ, ಚುಚ್ಚಿದ್ದೋ? ಆಗ ಬಸಲಿಂಗಪ್ಪ ಕಂಡ ಕೈ ಯಾರದು? ವಿಮಾನದಲ್ಲಿ ನಾನು ಯಾರಿಗೆ ಹೇಳುತ್ತಿದ್ದೆ? ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಉಳಿಯುತ್ತದೆ. ಅಣಶಿಯ ಆ ಜನರ ಎದುರು ಕೂತು ಇದನ್ನು ಹೇಳಿದ್ದರೆ ಅವರು ನನಗೆ ಗಂಟೆ, ದೂರ, ಬೆಳಕು ಕೇಳುತ್ತಿರಲಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

ಈಗಲೂ ಜನ ಬರುತ್ತಾರೆ, ರೈಲೋ ಕಾರೋ ವಿಮಾನವೋ ಎಂದು ಕೇಳುತ್ತಾರೆ. ನೋಟುಪುಸ್ತಕ ತೆಗೆಯುವುದಿಲ್ಲ. ದಾರಿಯ ನಡುವೆ ನಿಮ್ಮವರು ಯಾರಾದರೂ ಇದ್ದಾರೇನು ಎಂದು ಮೊದಲು ಕೇಳುತ್ತೇನೆ. ಇದ್ದಾರೆ ಎಂದರೆ ರೈಲಿಗೆ ಹೋಗಿ ಅನ್ನುತ್ತೇನೆ. ಮಾಸ್ತರರಿಗೆ ವಯಸ್ಸಾಯಿತು, ಕೇಳಿದ್ದೊಂದು ಹೇಳುವುದೊಂದು ಎಂದು ಅವರು ನಗುತ್ತ ಹೋಗುತ್ತಾರೆ.

ಪುಣೆಗೆ ನಾನು ರೈಲಿನಲ್ಲೇ ಹೋಗುತ್ತೇನೆ. ಮಿರಜ ಬಂದಾಗ ಕಿಟಕಿಯ ಗಾಜು ಎತ್ತಿ ಕೂರುತ್ತೇನೆ. ಯಾರೂ ಬರುವುದಿಲ್ಲ, ಬರುತ್ತಾರೆಂದು ನಾನು ಕೂತದ್ದೂ ಅಲ್ಲ. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಎಂಬುದನ್ನು ಆ ದಿನ ಆ ಕಿಟಕಿಯಲ್ಲಿ ಕೂತಿದ್ದವನಿಗೆ ಹೇಳಿ ಹೋಗಿದ್ದಾಳೆ. ಅವನು ನಾನಲ್ಲ.