ಲಮ್ದುವನ್‌ಳ ರಕ್ತದ ಗೆರೆ

ಲಮ್ದುವನ್ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಎಷ್ಟೇ ಜನರ ರಕ್ತ ಬಂದಿರಲಿ, ಪರೀಕ್ಷೆಯ ಒದ್ದೆ ಪಟ್ಟಿಯ ಮೇಲೆ ಮೊದಲ ಹನಿ ತನ್ನದೇ ಹಾಕುವಳು. ‘ಅಕ್ಕ, ನಿಮ್ಮ ರಕ್ತ ಏನು ದಿನಾ ಬದಲಾಗತ್ತಾ?’ ಎಂದು ಹೊಸ ಹುಡುಗಿಯರು ಕಿಚಾಯಿಸಿದರೆ, ‘ಬದಲಾಗಲ್ಲ ಕಣ್ರೇ, ಅದಕ್ಕೇ ಹಾಕೋದು. ಸುಮ್ನೆ ಕೆಲಸ ನೋಡಿ’ ಎನ್ನುವಳು. ಆ ಹನಿಯ ಹಿಂದೆ ಒಂದು ಕೊಲೆ ಇದೆ ಎಂದು ಆ ಹುಡುಗಿಯರಿಗೆ ಯಾರೂ ಹೇಳಿರಲಿಲ್ಲ.

ಅವಳು ದೋನ್ ಹಾಯ್ ಊರಿನವಳು. ನಾಲ್ಕನೇ ತರಗತಿ ಮುಗಿಸಿ, ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಗಾಜಿನ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಡಾಕ್ಟರ್ ಸಿರಿಲಕ್ ಎಂಬ ಜೀವರಸಾಯನ ವಿಜ್ಞಾನಿ ಇದ್ದರು. ರಕ್ತದ ಕೆಂಪು ಸತ್ವವಾದ ಹಿಮೋಗ್ಲೋಬಿನ್ ಹಿಂದೆ ಬಿದ್ದವರು. ರಕ್ತ ತೆಗೆಯುವುದು, ಪರೀಕ್ಷಿಸುವುದು ಅವಳು ಅವರಿಂದಲೇ ಕಲಿತಳು. ಒದ್ದೆ ಪಟ್ಟಿಯ ಮೇಲೆ ರಕ್ತದ ಸಾರ ಇಟ್ಟು ಕರೆಂಟು ಹಾಯಿಸಿದರೆ ಅದು ಗೆರೆಯಾಗಿ ಓಡುತ್ತದೆ. ಈ ಸೀಮೆಯ ಹತ್ತು ಜನರಲ್ಲಿ ನಾಲ್ಕೈದು ಜನರಿಗೆ ಒಂದು ಗೆರೆ ಮುಂದೆ ಓಡಿದರೆ ಇನ್ನೊಂದು ಹಿಂದೆಯೇ ಉಳಿಯುತ್ತದೆ. ಹಾಗಿದ್ದವರು ಗದ್ದೆ ಉಳುತ್ತಾರೆ, ಮಕ್ಕಳನ್ನು ಹೆರುತ್ತಾರೆ, ಅವರಿಗೇನೂ ಆಗುವುದಿಲ್ಲ. ಆದರೆ ಅಪ್ಪನಿಂದ ಈ ಹಿಂದುಳಿದ ಗೆರೆ, ಅಮ್ಮನಿಂದ ಇನ್ನೊಂದು ಬಗೆಯ ದೋಷ ಎರಡೂ ಒಟ್ಟಿಗೆ ಇಳಿದುಬಂದರೆ ಮಗು ಬಿಳಿಚಿಕೊಳ್ಳುತ್ತದೆ. ಹೊಟ್ಟೆ ಊದುತ್ತದೆ. ಕೈಕಾಲು ಕಡ್ಡಿಯಾಗುತ್ತವೆ.

ದೋನ್ ಹಾಯ್‌ನಲ್ಲಿ ಅದಕ್ಕೆ ಇದ್ದ ಹೆಸರು ಪೊಬ್. ಒಬ್ಬರ ಮೈಯಲ್ಲಿ ವಾಸವಿದ್ದು, ಇನ್ನೊಬ್ಬರ ಹೊಟ್ಟೆ ಹೊಕ್ಕು ಕರುಳು, ಈಲಿ ತಿನ್ನುವ ಪಿಶಾಚಿ. ಕಲಿತ ಮಂತ್ರ ಕೆಟ್ಟು ಹತ್ತುವ ಪೊಬ್ ಒಂದು ಬಗೆ; ಅದನ್ನು ಬೆತ್ತದಲ್ಲಿ ಹೊಡೆದು ಓಡಿಸಬಹುದು. ಹೆತ್ತವರಿಂದ ಮಕ್ಕಳಿಗೆ ಇಳಿಯುವುದು ಇನ್ನೊಂದು ಬಗೆ. ಅದು ಬಂದ ಮನೆಯನ್ನು ಸುಡದೆ ಬೇರೆ ದಾರಿಯಿಲ್ಲ.

ಬುದ್ಧ ಶಕೆ 2517ರ, ಅಂದರೆ 1974ರ ಬೇಸಿಗೆ. ದೋನ್ ಹಾಯ್‌ನ ಬುನ್ಮಾ ಮತ್ತು ಸೈ ದಂಪತಿಯ ಏಳು ವರ್ಷದ ಮಗಳು ಮಲಿ ಹೊಟ್ಟೆ ಊದಿಸಿಕೊಂಡು ಮಲಗಿದ್ದಳು. ಅದಕ್ಕೂ ಎರಡು ತಿಂಗಳ ಹಿಂದೆಯೇ ಲಮ್ದುವನ್ ಆ ಮೂವರ ರಕ್ತ ತೆಗೆದುಕೊಂಡು ಹೋಗಿದ್ದಳು. ಫಲಿತಾಂಶದ ಕಾಗದ ಕೊಟ್ಟು ಕಳಿಸುವಾಗ ಸಿರಿಲಕ್ ಒಂದೇ ಮಾತು ಹೇಳಿದ್ದರು: ‘ಬಾಗಿಲು ಹಾಕ್ಕೊಂಡು ಗಂಡಹೆಂಡ್ತಿಗೆ ಮಾತ್ರ ಹೇಳು. ಗುಂಪಲ್ಲಿ ಬಾಯಿ ಬಿಡಬೇಡ.’

ಅವಳು ಬಸ್ಸಿಳಿದಾಗ ಮಟಮಟ ಮಧ್ಯಾಹ್ನ. ಮಲಿ ಹಿಂದಿನ ದಿನವೇ ಸತ್ತಿದ್ದಳು. ಸಾಯುವ ಮುನ್ನ ಮಂತ್ರವಾದಿ ಪಾನ್ ಅವಳ ಹೆಬ್ಬೆರಳಿಗೆ ಹುಲಿಹಲ್ಲು ಒತ್ತಿ, ಒಳಗಿನ ಪಿಶಾಚಿಯನ್ನು ‘ಯಾರೇ ನೀನು? ಯಾರ ಮನೆಯಿಂದ ಬಂದೆ?’ ಎಂದು ರಕ್ತ ಚಿಮ್ಮುವವರೆಗೂ ಕೇಳಿದ್ದ. ನೋವು ತಾಳದ ಮಗು ಬಾಯಿಗೆ ಬಂದ ಹೆಸರು ಕೂಗಿತ್ತು: ‘ಪೆಂಗ್ ಅಜ್ಜಿ!’ ಅಂದು ಬೆಳಿಗ್ಗೆ ಅಂಟಕ್ಕಿ ಅನ್ನವನ್ನು ಉಂಡೆ ಕಟ್ಟಿ ತಿನ್ನಿಸಿದವಳು ಪೆಂಗ್. ಬಾಯಿಗೆ ಬೇರೆ ಯಾರ ಹೆಸರು ಬಂದೀತು?

ಪೆಂಗ್ ಲಮ್ದುವನ್‌ಳ ತಾಯಿ.

ಹುಣಸೆಮರಕ್ಕೆ ಅವಳನ್ನು ಎಮ್ಮೆ ಹಗ್ಗದಲ್ಲಿ ಬಿಗಿದಿದ್ದರು. ಬೆನ್ನಿನ ಚರ್ಮ ಸುಲಿದು ರವಿಕೆಗೆ ಅಂಟಿಕೊಂಡಿತ್ತು. ಪಾನ್ ಬೆತ್ತ ಬೀಸುತ್ತಿದ್ದ. ಅವನ ಕೈ ಸೋತಾಗ ಬುನ್ಮಾ ಬೀಸುತ್ತಿದ್ದ, ಅಳುತ್ತ. ಹೆಂಗಸರು ದೂರದಿಂದ ಹೆಂಟೆ ಎಸೆಯುತ್ತಿದ್ದರು. ಹೋದ ವರ್ಷ ಇದೇ ಹೆಂಗಸರ ಬಾಣಂತನಕ್ಕೆ ಬಿಸಿನೀರು ಕಾಯಿಸಿದವಳು ಪೆಂಗ್. ನೆನಪು ಎಂಬುದು ಗುಂಪಿಗೆ ಇರುವುದಿಲ್ಲ, ಹಾಳಾಗಿ ಹೋಗಲಿ!

ಲಮ್ದುವನ್ ಜನರನ್ನು ಸೀಳಿಕೊಂಡು ನುಗ್ಗಿದಳು. ಒಬ್ಬ ಅವಳ ಜಡೆ ಹಿಡಿದೆಳೆದ. ಅವಳು ಅವನ ಕೈ ಕಚ್ಚಿ, ಕಾಗದ ಎತ್ತಿ ಹಿಡಿದು ಅರಚಿದಳು.

‘ನಮ್ಮವ್ವನ್ನ ಬಿಡ್ರೋ! ಮಗೂನ ಯಾರೂ ತಿಂದಿಲ್ಲ. ಅದರ ರಕ್ತದಲ್ಲೇ ಇತ್ತು. ಅಪ್ಪಂದು ಒಂದು ಪಾಲು, ಅವ್ವಂದು ಒಂದು ಪಾಲು, ಎರಡೂ ಸೇರಿ ಕೊಂದದ್ದು!’

ಬೆತ್ತ ನಿಂತಿತು. ಪಾನ್ ಮೆಲ್ಲಗೆ ಕೇಳಿದ:

‘ಅಂದ್ರೆ... ಹೆತ್ತವರಿಂದ ಇಳಿದು ಬಂದದ್ದು ಅಂತೀಯಾ?’

‘ಹೂಂ, ಹೆತ್ತವರಿಂದ್ಲೇ. ಡಾಕ್ಟ್ರು ಬರೆದುಕೊಟ್ಟವ್ರೆ, ನೋಡು!’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಲ್ಲರ ಮುಖವೂ ಒಟ್ಟಿಗೇ ಬುನ್ಮಾನ ಕಡೆ ತಿರುಗಿತು. ಅವನ ಕೈಯಲ್ಲಿದ್ದ ಬೆತ್ತವನ್ನು ಯಾರೋ ಕಿತ್ತುಕೊಂಡು ಅದರಲ್ಲೇ ಅವನ ಮುಖಕ್ಕೆ ಬಾರಿಸಿದರು.

‘ಲೇ ಬುನ್ಮಾ, ನಿನ್ನ ಮಗೂನ ನೀನೇ ತಿಂದೆಯೇನೋ? ಇನ್ನು ನಮ್ಮ ಮಕ್ಕಳ ಗತಿ?’

‘ಇಳಿದುಬಂದ ಪೊಬ್ ಕಣ್ರೋ! ಹೆಂಡ್ತೀನೂ ಬಿಡಬೇಡಿ!’

ಬುನ್ಮಾನ ಮನೆ ಇಪ್ಪತ್ತು ಹೆಜ್ಜೆಯೂ ಇಲ್ಲ. ಕಂಬಗಳ ಮೇಲೆ ನಿಂತ ಆ ಮನೆಯ ಏಣಿಯನ್ನು ಎಳೆದು ಹಾಕಿದರು. ಮೇಲೆ ಸೈ ಒಬ್ಬಳೇ ಇದ್ದಳು, ತುಂಬಿದ ಬಸುರಿ. ಕೆಳಗೆ ಒಣಹುಲ್ಲು ತುರುಕಿ ಬೆಂಕಿ ಇಟ್ಟರು. ಬುನ್ಮಾನ ದವಡೆ ಮುರಿದು, ಕೂಗಲು ಬಾಯಿ ತೆರೆದರೆ ಬರೀ ರಕ್ತ ಬರುತ್ತಿತ್ತು.

ಇತ್ತ ಲಮ್ದುವನ್ ತಾಯಿಯ ಹಗ್ಗ ಬಿಚ್ಚಿದ್ದಳು.

‘ಏನಂದೆ ನೀನು ಅವರಿಗೆ?’ ಪೆಂಗ್ ಕೇಳಿದಳು.

‘ಇದ್ದದ್ದು ಹೇಳಿದೆ ಅವ್ವ. ನಡಿ, ಗದ್ದೆ ದಾಟಿ ಓಡೋಣ.’

‘ಅಯ್ಯೋ ದಡ್ಡಿ! ಆ ಹೊಟ್ಟೇಲಿರೋ ಮಗು ಎಲ್ಲಿಗೆ ಓಡುತ್ತೆ?’

ಮಗಳನ್ನು ತಳ್ಳಿ ಆ ಮುದುಕಿ ಕುಂಟುತ್ತ ಬೆಂಕಿಯ ಕಡೆ ಹೋದಳು. ಹೋಗಿ ಕೂದಲು ಕೆದರಿಕೊಂಡು, ನಾಲಿಗೆ ಚಾಚಿ, ತೊಡೆ ತಟ್ಟಿ ನಕ್ಕಳು.

‘ಅವರಲ್ಲ ಕಣ್ರೋ ಮೂರ್ಖ ಮುಂಡೇವಾ! ನಾನೇ ತಿಂದದ್ದು! ಮಲಿಯ ಈಲಿ ಏನು ರುಚಿ ಅಂತೀರಿ, ಉಪ್ಪೂ ಬೇಕಾಗಲಿಲ್ಲ. ಪಾನ್, ನಾಳೆ ನಿನ್ನ ಮನೆಗೇ ಬರೋದು ನಾನು!’

ಜನರೆಲ್ಲ ಬೆಂಕಿ ಬಿಟ್ಟು ಅವಳ ಮೇಲೆ ಬಿದ್ದರು. ಸಂದು ಸಿಕ್ಕಿದ್ದೇ ಪಕ್ಕದ ಮನೆಯವನೊಬ್ಬ ಏಣಿ ಎತ್ತಿ ಹಚ್ಚಿ ಸೈಯನ್ನು ಇಳಿಸಿದ. ಪಾನ್ ಅಕ್ಕಿ ಕುಟ್ಟುವ ಒನಕೆ ತಂದ. ಮೊದಲ ಏಟು ಹೆಗಲಿಗೆ, ಎರಡನೆಯದು ತಲೆಗೆ. ಮೂರನೆಯದು ಬೇಕಾಗಿರಲಿಲ್ಲ, ಆದರೂ ಹಾಕಿದ. ಇಬ್ಬರು ಗಂಡಸರು ಲಮ್ದುವನ್‌ಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಅವರು ಬಿಟ್ಟ ಮೇಲೆ ತೆವಳಿಕೊಂಡು ಹೋಗಿ ತಾಯಿಯ ತಲೆಯನ್ನು ಎದೆಗೆ ಅವಚಿಕೊಂಡಳು.

ಪೊಲೀಸರು ಬಂದರು. ನೂರು ಮನೆಯ ಊರಿನಲ್ಲಿ ನೋಡಿದವರು ಒಬ್ಬರೂ ಇರಲಿಲ್ಲವಂತೆ.

ಲಮ್ದುವನ್ ತಾಯಿಯ ರಕ್ತ ಒಣಗಿದ ತನ್ನ ರವಿಕೆಯಲ್ಲೇ ಪ್ರಯೋಗಾಲಯಕ್ಕೆ ಬಂದು, ಕೈಗೆ ಸಿಕ್ಕ ಬಾಟಲಿಯನ್ನೆಲ್ಲ ಗೋಡೆಗೆ ಬಡಿದಳು. ಸಿರಿಲಕ್ ತಡೆಯಲಿಲ್ಲ. ಒಡೆಯಲು ಏನೂ ಉಳಿಯದಿದ್ದಾಗ ಪಕ್ಕದಲ್ಲಿ ಕುಳಿತು, ‘ತಪ್ಪು ನಂದು ಕಣಮ್ಮ. ಗುಂಪಲ್ಲಿ ಹೇಳಬೇಡ ಅಂದೆ, ಯಾಕೆ ಅಂತ ಹೇಳಲಿಲ್ಲ’ ಎಂದರು.

ಲಮ್ದುವನ್ ಕತ್ತರಿ ತೆಗೆದುಕೊಂಡು ರವಿಕೆಯ ಒಂದು ಚೂರು ಕತ್ತರಿಸಿದಳು. ನೀರಿನಲ್ಲಿ ನೆನೆಸಿ, ಕೆಂಪು ಬಿಟ್ಟ ಮೇಲೆ ಪಟ್ಟಿಗೆ ಹಾಕಿದಳು. ಪಕ್ಕದಲ್ಲಿ ತನ್ನ ಬೆರಳು ಚುಚ್ಚಿ ತನ್ನ ಹನಿ ಹಾಕಿದಳು. ಇಬ್ಬರದೂ ಒಂದೇ: ಒಂದು ಗೆರೆ ಮುಂದೆ, ಒಂದು ಹಿಂದೆ. ಅಂದಿನಿಂದ ಆ ಪದ್ಧತಿ ಶುರುವಾಯಿತು. ಯಾರೇ ಬರಲಿ, ಬಾಗಿಲು ಹಾಕಿ, ‘ಮೊದಲು ನಂದು ನೋಡಿ, ಆಮೇಲೆ ನಿಮ್ಮದು’ ಎನ್ನುವಳು. ಸಾವಿರಾರು ಜನರಿಗೆ ಹಾಗೆ ಹೇಳಿದಳು.

ಹದಿನಾಲ್ಕು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಮುದುಕನೊಬ್ಬ ಮೊಮ್ಮಗಳನ್ನು ಎತ್ತಿಕೊಂಡು ಬಂದ. ಮಗು ಸುಣ್ಣದಂತೆ ಬಿಳುಪಾಗಿತ್ತು, ಹೊಟ್ಟೆ ಉಬ್ಬಿತ್ತು. ಮುದುಕ ಲಮ್ದುವನ್‌ಳನ್ನು ಗುರುತಿಸಲಿಲ್ಲ. ಅವಳು ಅವನ ಕೈಗಳನ್ನೇ ಗುರುತಿಸಿದಳು. ಪಾನ್.

ಮಗುವಿನ ರಕ್ತ ತೆಗೆದು, ಅವನದನ್ನೂ ತೆಗೆಯಲು ಸೂಜಿ ಚುಚ್ಚಿದಳು. ಜೀವಮಾನದಲ್ಲಿ ಅದೊಂದೇ ಸಲ ನರ ತಪ್ಪಿತು. ಈ ಮನುಷ್ಯನನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ಊರೆಲ್ಲ ಕೇಳುವಂತೆ ‘ಇಳಿದುಬಂದ ಪೊಬ್’ ಎಂದು ಅರಚುವುದನ್ನು ಹದಿನಾಲ್ಕು ವರ್ಷ ನೆನೆದಿದ್ದಳು.

ಮರುದಿನ ಅವನನ್ನು ಒಳಗೆ ಕರೆದು, ಬಾಗಿಲು ಹಾಕಿ, ಪಟ್ಟಿ ಮುಂದಿಟ್ಟಳು.

‘ಈ ಮೊದಲನೇದು ನಂದು. ನಮ್ಮವ್ವ ಪೆಂಗ್ ಕೊಟ್ಟದ್ದು. ದೋನ್ ಹಾಯ್ ಪೆಂಗ್.’

ಮುದುಕ ಪಟ್ಟಿಯ ಮೇಲಿದ್ದ ಪಕ್ಕದ ಗೆರೆಗಳನ್ನು ನೋಡಿದ. ಒಂದು ಮುಂದೆ, ಒಂದು ಹಿಂದೆ, ಮೊದಲನೆಯದರಂತೆಯೇ.

‘ಇದು ಯಾರದು?’

‘ನಿಂದು. ನಿನ್ನ ಮಗನಿಗೆ ಇಳಿದಿದೆ, ಅವನಿಂದ ಮಗೂಗೆ. ಇನ್ನೊಂದು ಪಾಲು ಸೊಸೆಯದು.’

ಪಾನ್ ಕುರ್ಚಿಯಿಂದ ಜಾರಿ ನೆಲದ ಮೇಲೆ ಕುಳಿತು ಅವಳ ಕಾಲು ಹಿಡಿದುಕೊಂಡ.

‘ಊರಲ್ಲಿ ಹೇಳಬೇಡ ತಾಯಿ. ನಮ್ಮನ್ನ ಸುಟ್ಟುಬಿಡ್ತಾರೆ.’

‘ಗೊತ್ತು,’ ಎಂದಳು ಲಮ್ದುವನ್. ಕಾಲು ಬಿಡಿಸಿಕೊಂಡು, ಹೊರಗೆ ಬೆಂಚಿನ ಮೇಲೆ ಮಲಗಿದ್ದ ಮಗುವಿಗೆ ರಕ್ತ ಏರಿಸಲು ಹೋದಳು.