ಮಂತ್ರಿ ಓದಿದ ಕಾಗದ

ಹುಹಾನಾ ಮೂರು ವರ್ಷದವಳಿದ್ದಾಗ ಅಮ್ಮನ ಜೊತೆ ನ್ಯೂಜಿಲೆಂಡಿನಿಂದ ಬ್ರಿಸ್ಬೇನಿಗೆ ಬಂದವಳು. ತಂಗಿ ರೇವಾ ಹುಟ್ಟಿದ್ದು ಇಲ್ಲೇ. ಹಾಗಾಗಿ ತಂಗಿ ಈ ದೇಶದ ಪ್ರಜೆ, ಅಕ್ಕ ವೀಸಾದವಳು. ಆ ವ್ಯತ್ಯಾಸ ನಲವತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ರೇವಾಳ ಬುದ್ಧಿ ಆರರ ಮಗುವಿನಷ್ಟಕ್ಕೇ ನಿಂತಿತ್ತು. ಅಮ್ಮ ತೀರಿಕೊಂಡಾಗ ಹತ್ತೊಂಬತ್ತರ ಹುಹಾನಾ ಮದುವೆಯ ಯೋಚನೆಯನ್ನೇ ಬಿಟ್ಟು, ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ತಂಗಿಯನ್ನು ಸಾಕಿದಳು.

ಒಂದು ಕ್ರಿಸ್‌ಮಸ್ ಮಧ್ಯಾಹ್ನ ನೆರೆಯವನು ಬೇಲಿಯಾಚೆಯಿಂದ ರೇವಾಳನ್ನು ಅಣಕಿಸಿದ. ಕುಡಿದಿದ್ದ ಹುಹಾನಾ ಕೈಲಿದ್ದ ಬಾಟಲಿಯನ್ನೇ ಎಸೆದಳು. ಅವನ ಒಂದು ಕಣ್ಣು ಹೋಯಿತು. "ತಪ್ಪು ನಂದೇ" ಅಂದಳು ಕೋರ್ಟಿನಲ್ಲಿ. ಹದಿನೆಂಟು ತಿಂಗಳ ಜೈಲಾಯಿತು. ಒಳಗಿದ್ದಾಗಲೇ, ನಡತೆ ಸರಿಯಿಲ್ಲವೆಂದು ವೀಸಾ ರದ್ದಾಯಿತು. ಮರಳಿ ಕೊಡಿ ಎಂದು ಬೇಡಿದ್ದನ್ನು ಮಂತ್ರಿಯೇ ತಳ್ಳಿಹಾಕಿದರು. ಶಿಕ್ಷೆ ಮುಗಿದ ದಿನ ಜೈಲಿನ ಗೇಟಿನಿಂದ ಸೀದಾ ಗಡೀಪಾರಿನವರ ಶಿಬಿರಕ್ಕೆ ಒಯ್ದರು. ರೇವಾ ಅಷ್ಟರಲ್ಲಿ ಸರ್ಕಾರಿ ಆಶ್ರಯಮನೆ ಸೇರಿದ್ದಳು.

ಮಂತ್ರಿಗೆ ಕಳಿಸಿದ್ದ ಆ ಮನವಿಯ ಜೊತೆ ರೇವಾ ಬರೆದ ಕಾಗದವೂ ಇತ್ತು. ದಪ್ಪ ದಪ್ಪ ಅಕ್ಷರ: "ಅಕ್ಕ ತಲೆ ಬಾಚಿದ್ರೆ ನೋಯಲ್ಲ. ಬೇರೆಯವ್ರು ಬಾಚಿದ್ರೆ ನೋಯುತ್ತೆ. ಅಕ್ಕನ್ನ ಕೊಟ್ಬಿಡಿ."

ದುಡ್ಡು ತೆಗೆದುಕೊಳ್ಳದೆ ವಾದಿಸುತ್ತಿದ್ದ ವಕೀಲೆ ಬ್ರೋನ್ವಿನ್ ಮಂತ್ರಿಯ ಆದೇಶವನ್ನು ಎರಡೆರಡು ಸಲ ಓದಿದಳು. "ಇದ್ರಲ್ಲಿ ನಿನ್ ತಂಗಿ ಸುದ್ದೀನೇ ಇಲ್ಲ ಕಣೆ! ಮಂತ್ರಿ ಆ ಕಾಗದ ನೋಡೇ ಇಲ್ಲ."

ಅದನ್ನೇ ಹಿಡಿದು ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಒಪ್ಪಿದರು. ಅಧಿಕಾರ ಮಂತ್ರಿಯದೇ ನಿಜ, ಆದರೆ ಮುಂದಿಟ್ಟ ಮಾತನ್ನು ತೂಗಿ ನೋಡದೆ ಅದನ್ನು ಚಲಾಯಿಸುವಂತಿಲ್ಲ ಎಂದು ಆದೇಶವನ್ನು ರದ್ದುಮಾಡಿ, ಹೊಸದಾಗಿ ತೀರ್ಮಾನಿಸಲು ಮಂತ್ರಿಗೇ ವಾಪಸು ಕಳಿಸಿದರು. ಶಿಬಿರದ ಹೆಂಗಸರು ತಟ್ಟೆ ಬಡಿದು ಕುಣಿದರು. "ಏನೇ, ಸರ್ಕಾರಾನೇ ಸೋಲಿಸ್ಬಿಟ್ಯಲ್ಲೇ ಮಾರಾಯ್ತಿ!" ಎಂದು ಒಬ್ಬಳು ಅಪ್ಪಿಕೊಂಡಳು. ಹುಹಾನಾ ಬಟ್ಟೆ ಮಡಿಚಿ ಚೀಲ ಕಟ್ಟಿಟ್ಟಳು.

ಏಳು ವಾರದ ಮೇಲೆ ಮಂತ್ರಿಯ ಹೊಸ ಆದೇಶ ಬಂತು. ಹಳೆಯದರಂತೆಯೇ ಇತ್ತು, ಒಂದು ಪ್ಯಾರಾ ಮಾತ್ರ ಹೆಚ್ಚು. ತಂಗಿಯ ಕಾಗದ ಓದಿದ್ದೇನೆ, ಅವಳಿಗೆ ದುಃಖವಾಗುವುದು ನಿಜ, ಆದರೂ ಜನರ ಸುರಕ್ಷತೆ ಅದಕ್ಕಿಂತ ದೊಡ್ಡದು.

"ಮತ್ತೆ ಕೋರ್ಟಿಗೆ ಹೋಗೋಣ್ವಾ?" ಹುಹಾನಾ ಕೇಳಿದಳು.

ಬ್ರೋನ್ವಿನ್ ಆ ಪ್ಯಾರಾದ ಮೇಲೆ ಬೆರಳಿಟ್ಟಳು. "ಓದಿದ್ರಾ ಅಂತ ಕೋರ್ಟು ಕೇಳ್ಬೋದು. ಓದಿ ಯಾಕೆ ಮನಸ್ಸು ಕರಗ್ಲಿಲ್ಲ ಅಂತ ಕೇಳೋ ಹಾಗಿಲ್ಲ. ಈ ಸಲ ಓದಿದಾರೆ ಹುಹಾನಾ."

ನ್ಯೂಜಿಲೆಂಡಿನ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ, ಗಡೀಪಾರಾಗಿ ಬಂದಿಳಿದ ಅವಳನ್ನು ಕರೆದೊಯ್ಯಲು ಬಂದಿದ್ದ ನೆಂಟರ ಮುದುಕಿ ತಮ್ಮ ಜನರ ಮಾವೊರಿ ಭಾಷೆಯಲ್ಲಿ ಏನೋ ಅಂದಳು. ಹುಹಾನಾಳಿಗೆ ಅರ್ಥವಾಗಲಿಲ್ಲ. "ಮನೆಗೆ ಬಂದ್ಯಲ್ಲ ಮಗಳೇ ಅಂದೆ," ಎಂದು ಮುದುಕಿ ಬಿಡಿಸಿ ಹೇಳಿದಾಗ ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು.

ಈಗ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಭಾನುವಾರ ಆಶ್ರಯಮನೆಗೆ ಫೋನ್ ಮಾಡುತ್ತಾಳೆ. ಮೊದಮೊದಲು ರೇವಾ, "ಯಾವ ಬಸ್ಸಿಗೆ ಬರ್ತೀಯ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಹೋದ ತಿಂಗಳಿನಿಂದ ಫೋನಿಗೇ ಬರುತ್ತಿಲ್ಲ.

"ಕೋಪ ಮಾಡ್ಕೊಂಡಿದಾಳೆ," ಅನ್ನುತ್ತಾರೆ ಅಲ್ಲಿಯವರು. "ಅಕ್ಕ ಬೇಕೂಂತಲೇ ಬರ್ತಿಲ್ಲ ಅಂತಾಳೆ."